ಆರರಲ್ಲೊಂದು ಚಿತ್ರ

"ಅಮ್ಮಂಗೆ ಇದು ಓದಕ್ಕಾಗಲ್ವಂತೆ," ಎಂದು ಬಸ್ ಡ್ರೈವರು ನಿನ್ನೆ ಒಯ್ದಿದ್ದ ಟೇಪನ್ನು ತಂದು ಮೇಜಿನ ಮೇಲಿಟ್ಟ. ಅವನ ಬೆನ್ನ ಹಿಂದೆಯೇ ಅವನ ತಾಯಿ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಪುಟ್ಟ ಆಕಾರದ, ಚುರುಕು ಕಣ್ಣಿನ ಹೆಂಗಸು.

ಅಂಗಡಿಯವನಿಗೆ ಚುರ್ರೆಂದಿತು. ಡಿಸ್ಕಿನಲ್ಲಿರುವ ವಿಡಿಯೊವನ್ನು ಟೇಪಿಗೆ ಇಳಿಸಿಕೊಡುತ್ತ ಎಷ್ಟೋ ವರ್ಷವಾಗಿತ್ತು. ಬೀದಿಯವರಿಗೆಲ್ಲ ಅವನು ಟೇಪಣ್ಣನೇ, ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕೆಲಸ ಕೆಟ್ಟಿದೆ ಎಂದು ವಾಪಸು ಬಂದ ಟೇಪುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

"ಓದಕ್ಕೆ ಇದೇನು ಪೇಪರಾ? ಹೆಡ್‌ಫೋನ್ ಹಾಕ್ಕೊಂಡು ಕೊನೇ ತನಕ ನಾನೇ ಕೇಳಿದೀನಿ. ಹಿಂದೆ ಫ್ಯಾನು ಗುಂಯ್ ಅನ್ನೋದೂ ಎಷ್ಟು ಸ್ವಚ್ಛ ಬಂದಿದೆ ಗೊತ್ತಾ?"

"ಫ್ಯಾನ್ ಕಟ್ಕೊಂಡು ಏನ್ ಮಾಡ್ಲಿ ಟೇಪಣ್ಣ. ಅಮ್ಮಂಗೆ ಕಿವಿ ಕೇಳ್ಸಲ್ಲ. ಡಿಸ್ಕಲ್ಲಿರೋಳು ಅವಳ ಅಕ್ಕ, ನಮ್ ದೊಡ್ಡಮ್ಮ. ಅವಳಿಗೂ ಕೇಳ್ಸಲ್ಲ. ಕೈಯಲ್ಲಿ ಮಾತಾಡಿದಾಳೆ."

ಟೇಪಣ್ಣ ತಲೆ ಕೆರೆದುಕೊಂಡ. ಡಿಸ್ಕು ಓಡುವಾಗ ಅವನ ಕಿವಿ ಇಲ್ಲಿದ್ದರೂ ಕಣ್ಣು ಬೇರೊಂದು ಯಂತ್ರದ ಸ್ಕ್ರೂ ಮೇಲಿತ್ತು. ಆಗಾಗ ತಲೆಯೆತ್ತಿದಾಗ ಒಬ್ಬಳು ಮುದುಕಿ ಕೈ ಆಡಿಸುತ್ತಿದ್ದುದು ಕಂಡಿತ್ತು. "ನಾನು ಯಾವುದೋ ವ್ಯಾಯಾಮದ ಪಾಠ ಅಂದ್ಕೊಂಡೆ," ಎಂದು ಒಪ್ಪಿಕೊಂಡ.

ಮಗ ಅದನ್ನು ಕೈಸನ್ನೆಯಲ್ಲಿ ತಾಯಿಗೆ ದಾಟಿಸಿದ. ಅವಳು ಟೇಪಣ್ಣನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಎರಡು ಬೆರಳನ್ನು ಹಣೆಯ ಹತ್ತಿರ ತಿರುಗಿಸಿದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಅಕ್ಕ ಬೇರೆ ದೇಶದಲ್ಲಿದ್ದಳು. ತಂದೆಯ ಕೊನೆಯ ಕಾಯಿಲೆಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಮಾತಿಗೆ ಮಾತು ಬೆಳೆದು, ಅಕ್ಕತಂಗಿಯರ ನಡುವೆ ಒಂಬತ್ತು ವರ್ಷ ಒಂದು ಕಾಗದವೂ ಓಡಾಡಿರಲಿಲ್ಲ. ಈಗ ಏಕಾಏಕಿ ಈ ಡಿಸ್ಕು, ಜೊತೆಗೊಂದು ಚೀಟಿ: ಕೈ ನಡುಗಲು ಶುರುವಾಗಿದೆ, ಇನ್ನೊಮ್ಮೆ ಇಷ್ಟುದ್ದ ಮಾತಾಡಲು ಆಗುತ್ತದೋ ಇಲ್ಲವೋ, ನೋಡು. ಪಕ್ಕದ ಮನೆಯವರ ಡಿಸ್ಕ್ ಯಂತ್ರ ತಂದು ಹಾಕಿದರೆ ಇವರ ಹಳೇ ಟಿವಿಯಲ್ಲಿ ಚಿತ್ರ ಬಣ್ಣವಿಲ್ಲದೆ ಮೇಲಿಂದ ಕೆಳಗೆ ಉರುಳತೊಡಗಿತ್ತು. ಆ ದೇಶದ ಟಿವಿಯ ಲೆಕ್ಕವೇ ಬೇರೆ. ಹಾಗಾಗಿ ಮನೆಯಲ್ಲಿದ್ದ ಟೇಪ್ ಯಂತ್ರಕ್ಕೆ ಒಗ್ಗುವಂತೆ ಮಾಡಿಸಲು ಟೇಪಣ್ಣನಲ್ಲಿಗೆ ಬಂದಿದ್ದರು.

"ನನ್ನ ಕಂಪ್ಯೂಟರಲ್ಲಿ ಡಿಸ್ಕು ಚೆನ್ನಾಗೇ ಓಡತ್ತಲ್ಲ. ಇಲ್ಲೇ ಕೂತು ನೋಡ್ಲಿ, ಮುಗೀತು."

ತಾಯಿಯ ಕೈಗಳು ಸರಸರನೆ ಆಡಿದವು. "ಮನೆ ಮಾತನ್ನ ಅಂಗಡೀಲಿ ಕೂತು ಕೇಳೋದಾ ಅಂತಾಳೆ," ಎಂದ ಮಗ. "ಗಾಜಿನ ಬಾಗಿಲು, ಬಸ್‌ಸ್ಟಾಪಲ್ಲಿ ನಿಂತೋರಿಗೆಲ್ಲ ಕೇಳ್ಸತ್ತಂತೆ. ಅಲ್ದೆ ಒಂದ್ಸಲ ನೋಡಿ ಮುಗ್ಸೋ ಅಂಥದ್ದಲ್ವಂತೆ ಇದು."

"ನೀನಾದ್ರೂ ನೋಡಿ ಹೇಳ್ಬಹುದಿತ್ತಲ್ಲಪ್ಪ."

"ನನ್ ಹತ್ರ ಆಡೋ ಮಾತು ಬೇರೆ ಟೇಪಣ್ಣ. ಇವರಿಬ್ರೂ ಚಿಕ್ಕವರಿದ್ದಾಗ ಒಂದೇ ಹಾಸಿಗೇಲಿ ಮಲಗ್ತಾ ಕಟ್ಕೊಂಡಿದ್ ಕೈಮಾತು ಬೇರೆ. ಈ ಪ್ರಪಂಚದಲ್ಲಿ ಅದು ಬರೋದು ಇಬ್ರಿಗೇ. ನಂಗೆ ಅಲ್ಲೊಂದು ಇಲ್ಲೊಂದು ಸಿಗತ್ತೆ, ಅಷ್ಟೇ."

ಟೇಪಣ್ಣ ಟೇಪನ್ನು ಯಂತ್ರಕ್ಕೆ ತಳ್ಳಿ, ನಡುವೆ ಒಂದು ಕಡೆ ನಿಲ್ಲಿಸಿದ. ಪರದೆಯ ಮೇಲಿನ ಮುದುಕಿಯ ಬಲಗೈಗೆ ಎಂಟು ಬೆರಳಿದ್ದವು. ಅರ್ಧ ನಿಜವಾದವು, ಅರ್ಧ ಹೊಗೆಯಂಥವು. ಎಲ್ಲರಿಗೂ ಮಾಡುವಂತೆ ಇದಕ್ಕೂ ಅವನು ಪರಿವರ್ತಕ ಯಂತ್ರದ ಗುಂಡಿಯನ್ನು ‘ನಯ’ದ ಮೇಲೆ ಇಟ್ಟಿದ್ದ. ಹಾಗಿಟ್ಟರೆ ಅದು ಹಿಂದುಮುಂದಿನ ಚಿತ್ರಗಳನ್ನು ಒಂದರೊಳಗೊಂದು ಕಲಸುತ್ತದೆ. ಮದುವೆಗೆ, ಆಟಕ್ಕೆ, ಮಗು ತೆವಳುವುದಕ್ಕೆ ಅದೇ ಚೆಂದ.

ಕಲಸದ ಹಾಗೆ ಗುಂಡಿ ತಿರುಗಿಸಿ ಒಂದು ನಿಮಿಷದಷ್ಟನ್ನು ಮತ್ತೆ ಇಳಿಸಿದ. ತಾಯಿ ಮೊದಲು ಪರದೆಯನ್ನು ಬೀದಿಗೆ ಕಾಣದಂತೆ ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಈಗ ಬೆರಳು ಬೆರಳಾಗಿಯೇ ಇತ್ತು. ಆದರೆ ನೋಡನೋಡುತ್ತ ಅವಳ ಹುಬ್ಬು ಗಂಟಾಯಿತು.

"ನುಂಗ್ತಾಳಂತೆ," ಎಂದ ಮಗ. "ಅಕ್ಕ ಸಿಟ್ಟು ಬಂದ್ರೆ ಬೈತಾಳೆ, ಮಾತು ನುಂಗೋಳಲ್ಲ ಅಂತಾಳೆ."

"ಅಕ್ಕ ನುಂಗ್ತಿಲ್ಲಮ್ಮ, ನನ್ನ ಯಂತ್ರ ನುಂಗ್ತಿದೆ," ಟೇಪಣ್ಣ ನೇರವಾಗಿ ಅವಳಿಗೇ ಹೇಳಿದ, ಮಗ ಕೈಯಾಡಿಸುತ್ತ ಹೋದ. "ಆ ದೇಶದ್ದು ಸೆಕೆಂಡಿಗೆ ಮೂವತ್ತು ಚಿತ್ರ. ನಮ್ಮದು ಇಪ್ಪತ್ತೈದು. ಆರರಲ್ಲಿ ಒಂದನ್ನ ಬಿಸಾಡ್ಲೇಬೇಕು."

ಅವಳು ಒಂದೇ ಒಂದು ಸನ್ನೆ ಮಾಡಿದಳು.

"ಬಿಸಾಡಿದ್ರಲ್ಲಿ ಏನಿತ್ತು ಅಂತ ಕೇಳ್ತಾಳೆ."

ಟೇಪಣ್ಣ ಟೇಪನ್ನು ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಯಾಕೆ ಬಿಸಾಡಬೇಕು? ಹತ್ತು ನಿಮಿಷದ್ದು ಹತ್ತೇ ನಿಮಿಷ ಓಡಲಿ ಎಂದು. ಹೆಚ್ಚು ಓಡಿದರೇನು? ಧ್ವನಿ ಎಳೆದು ಭಾರವಾಗುತ್ತದೆ, ಹೆಂಗಸು ಗಂಡಸಿನ ಹಾಗೆ ಮಾತಾಡುತ್ತಾಳೆ. ಅಲ್ಲಿಗೆ ಬಂದು ಅವನ ಯೋಚನೆ ನಿಂತಿತು. ಯಾವ ಧ್ವನಿ?

"ಒಂದ್ ಕೆಲಸ ಮಾಡ್ತೀನಿ," ಎಂದ. "ಕಂಪ್ಯೂಟರಿಗೆ ಹಾಕಿ ಅಷ್ಟೂ ಚಿತ್ರಾನ ನಿಧಾನಕ್ಕೆ ಬಿಡ್ತೀನಿ. ಒಂದೂ ಹೋಗಲ್ಲ. ಹತ್ತು ನಿಮಿಷದ್ದು ಹನ್ನೆರಡಾಗತ್ತೆ, ಆದ್ರೆ ನಿಮ್ಮಕ್ಕ ಸ್ವಲ್ಪ ಮೆಲ್ಲಗೆ ಮಾತಾಡ್ತಾರೆ. ಆಗ್ಬಹುದಾ ಕೇಳು."

ಮಗ ಕೇಳಿ, ನಕ್ಕುಬಿಟ್ಟ. "ಒಂಬತ್ತು ವರ್ಷ ಕೂತಿದೀನಂತೆ. ಇನ್ನೆರಡು ನಿಮಿಷ ಕೂತ್ರೆ ಸೊಂಟ ಹಿಡಿಯಲ್ವಂತೆ."

ಕಂಪ್ಯೂಟರು ತನ್ನ ಕೆಲಸ ಮುಗಿಸುವಷ್ಟರಲ್ಲಿ ಬೀದಿಯಲ್ಲಿ ಬಿಸಿಲು ಇಳಿದಿತ್ತು. ಟೇಪಿಗೆ ತುಂಬುವ ಮೊದಲು ಟೇಪಣ್ಣ ಧ್ವನಿಯ ತಂತಿಯನ್ನು ಕಿತ್ತ. ತಂತಿ ಕಿತ್ತು ಕೊಟ್ಟ ಮೊದಲ ಟೇಪು ಇದು.

ಸರಿಯಿದೆಯೇ ಎಂದು ಅರ್ಧ ನಿಮಿಷ ನೋಡಿ, ಉಳಿದದ್ದನ್ನು ಮನೆಯಲ್ಲಿ ನೋಡುವುದೆಂದು ಮಾತಾಗಿತ್ತು. ಚಿಕ್ಕ ಟಿವಿಯಲ್ಲಿ ಮುದುಕಿ ಕೈಯೆತ್ತಿದಳು. ಈ ನಿಧಾನದಲ್ಲಿ ಅವಳ ಬೆರಳಿನ ನಡುಕವೂ ಒಂದೊಂದಾಗಿ ಕಾಣುತ್ತಿತ್ತು. ತಂಗಿ ಒಂದು ಹೆಜ್ಜೆ ಮುಂದೆ ಹೋದಳು. ಅರ್ಧ ನಿಮಿಷ ದಾಟಿತು, ಎರಡು ನಿಮಿಷವಾಯಿತು. ಮಗ ಅವಳ ಭುಜ ಮುಟ್ಟಿದ. ಅವಳು ಆ ಕೈಯನ್ನು ಸರಿಸಿ, ಕೈಚೀಲವನ್ನು ಅವನಿಗೆ ದಾಟಿಸಿದಳು.

"ಏನಂತೆ?" ಎಂದು ಟೇಪಣ್ಣ ಪಿಸುಗುಟ್ಟಿದ.

"ಗೊತ್ತಿಲ್ಲ," ಎಂದ ಮಗ, ಅವನೂ ಪಿಸುದನಿಯಲ್ಲೇ.

ಪರದೆಯಲ್ಲಿ ಅಕ್ಕ ಏನನ್ನೋ ಮುಗಿಸಿ ಕೈಗಳನ್ನು ಮಡಿಲಿಗಿಳಿಸಿ ಕಾದಳು. ಆಗ ತಂಗಿಯ ಕೈಗಳು ಎದ್ದವು. ಗಾಜಿನ ಬಾಗಿಲಿನಾಚೆ ಬಸ್ಸಿಗೆ ಕಾದವರು ಒಳಗೆ ನೋಡುತ್ತಿದ್ದರು. ಅವಳ ಗಮನ ಅತ್ತ ಇರಲಿಲ್ಲ. ಮಗನ ಹತ್ತಿರ ಸರಸರನೆ ಆಡುವ ಆ ಕೈಗಳು ಈಗ ಪರದೆಯ ಮೇಲಿನವುಗಳಷ್ಟೇ ನಿಧಾನವಾಗಿ, ಒಂದೊಂದು ಬೆರಳನ್ನೂ ಬಿಡಿಸಿ ಆಡುತ್ತಿದ್ದವು.

ಟೇಪಣ್ಣನಿಗೆ ಅದರಲ್ಲಿ ಒಂದು ಮಾತೂ ತಿಳಿಯುವಂತಿರಲಿಲ್ಲ. ಆದರೂ ಅವನು ತನ್ನ ಕುರ್ಚಿಯನ್ನು ಸದ್ದಾಗದಂತೆ ಎತ್ತಿ, ಗೋಡೆಯ ಕಡೆಗೆ ಮುಖ ಮಾಡಿ ಕೂತ.