ಪೆನ್‌ಡ್ರೈವಿನಲ್ಲಿ ಬಂದ ಲಿನಕ್ಸ್

ಮೂರನೇ ಸಲ ಆಫ್ ಮಾಡಿ ಆನ್ ಮಾಡಿದ ಮೇಲೆ ಕಂಪ್ಯೂಟರು ಕೊನೆಗೂ ಪೆನ್‌ಡ್ರೈವಿಗೆ ಒಲಿಯಿತು. ಪರದೆಯ ತುಂಬ ಗುರುತಿಲ್ಲದ ಚಿತ್ರಗಳು. ಸ್ಟಾರ್ಟ್ ಬಟನ್ ಎಲ್ಲಿ ಹೋಯಿತೋ, ಸಂಗೀತಾಳಿಗೆ ಮೈ ಪರಚಿಕೊಳ್ಳುವಂತಾಯಿತು. ಬನಶಂಕರಿಯ ಈ ವಧೂವರರ ಮಾಹಿತಿ ಕೇಂದ್ರದಲ್ಲಿ ಹನ್ನೊಂದು ವರ್ಷ ದುಡಿದವಳಿಗೆ ಮೂವತ್ತೆಂಟರಲ್ಲಿ ಮತ್ತೆ ಒಂದನೇ ಕ್ಲಾಸು. ಹೊಸ ವಿಂಡೋಸ್ ಈ ಹಳೇ ಡಬ್ಬಕ್ಕೆ ಹತ್ತುವುದಿಲ್ಲವೆಂದು ರಿಪೇರಿಯ ಭೀಮೇಶ್, ವಿಂಡೋಸ್ ಬದಲು ಬಿಟ್ಟಿಯಾಗಿ ಸಿಗುವ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಕೊಟ್ಟು ಹೋಗಿದ್ದ. "ಇನ್‌ಸ್ಟಾಲ್ ಒತ್ಬೇಡಿ ಅಕ್ಕ. ಮೊದ್ಲು ಪೆನ್‌ಡ್ರೈವಿಂದ್ಲೇ ಓಡ್ಸಿ, ನಿಮ್ ಫೈಲೆಲ್ಲ ಓಪನ್ ಆಗತ್ತಾ ನೋಡ್ಕೊಳಿ" ಎಂದಿದ್ದ.

ಕೇಂದ್ರ ನಡೆಸುವವರು ಅವಳ ದೊಡ್ಡಪ್ಪ ಪರಮಶಿವಯ್ಯ. ಸಂಬಂಧ ಕುದುರಿಸುವುದರಲ್ಲಿ ಎತ್ತಿದ ಕೈ. ಕಂಡವರ ಮಕ್ಕಳಿಗೆಲ್ಲ ಗಂಡು ಹುಡುಕಿದ ಅವರು, ಅಪ್ಪನಿಲ್ಲದ ಇವಳ ಫೋಟೋವನ್ನೂ ತಾವೇ ಕಳಿಸುತ್ತಿದ್ದರು. ಕೇಳಿದಾಗಲೆಲ್ಲ ಒಂದೇ ಮಾತು: "ಯಾರೂ ಉತ್ರ ಬರೀಲಿಲ್ಲ ಕಣಮ್ಮ." ಈ ಮುಖವನ್ನು ಯಾರು ತಾನೇ ಒಪ್ಪುತ್ತಾರೆ ಎಂದು ಇವಳೂ ಕನ್ನಡಿ ನೋಡಿಕೊಂಡು ಸುಮ್ಮನಾಗಿದ್ದಳು.

ಕಂಪ್ಯೂಟರಿನೊಳಗಿನ ಹಳೇ ಡಿಸ್ಕು ತೆರೆದಳು. ವಧು, ವರ, ಆಮಂತ್ರಣ, ಎಲ್ಲ ಇದ್ದವು. ಜೊತೆಗೆ ಎಂದೂ ಕಾಣದ ಇನ್ನೊಂದು ಫೋಲ್ಡರ್, ಅದಕ್ಕೆ ಅವಳದೇ ಹೆಸರು. ತಾನೇ ಏನಾದರೂ ಕೆಡಿಸಿದೆನೇ ಎಂದು ಹೆದರಿ ಭೀಮೇಶನಿಗೆ ಫೋನ್ ಮಾಡಿದಳು.

"ಅದ್ನ ಯಾರೋ ಹೈಡ್ ಮಾಡಿದಾರೆ ಅಕ್ಕ. ವಿಂಡೋಸ್ ಮರೆ ಮಾಡಿಡತ್ತೆ. ಲಿನಕ್ಸ್‌ಗೆ ಆ ಗುರುತು ಲೆಕ್ಕಕ್ಕಿಲ್ಲ, ಎಲ್ಲಾ ತೋರಿಸ್ಬಿಡತ್ತೆ."

ಒಳಗೆ ಸ್ಕ್ಯಾನ್ ಮಾಡಿದ ಒಂಬತ್ತು ಪತ್ರಗಳು. ದಾವಣಗೆರೆಯ ಲೆಕ್ಚರರ್ ಒಬ್ಬ, ಫೋಟೋ ಒಪ್ಪಿಗೆಯಾಗಿದೆ, ಹೆಣ್ಣು ನೋಡಲು ಯಾವ ಭಾನುವಾರ ಬರಲಿ ಎಂದು ಎರಡು ಸಲ ಬರೆದಿದ್ದ. ಪ್ರತಿಯೊಂದರ ಜೊತೆಗೂ ದೊಡ್ಡಪ್ಪ ಕಳಿಸಿದ ಉತ್ತರದ ನಕಲು: ಹುಡುಗಿಗೆ ಮದುವೆಯಲ್ಲಿ ಆಸಕ್ತಿಯಿಲ್ಲ, ಕ್ಷಮಿಸಿ. ಬಂದ ಕಾಗದ ಎಸೆಯಬಾರದೆಂಬುದು ಕೇಂದ್ರದ ನಿಯಮ. ಪುಣ್ಯಾತ್ಮ ಇಲ್ಲಿಯೂ ನಿಯಮ ತಪ್ಪಿರಲಿಲ್ಲ. ಕುಡಿದ ಕಾಫಿಯ ತಳದಲ್ಲಿ ಜಿರಳೆ ಕಂಡಂತಾಯಿತು ಅವಳಿಗೆ.

ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಪರಮಶಿವಯ್ಯ ಬಂದರು. "ಏನಮ್ಮ, ನಡೀತಾ ನಿನ್ ಲಿನಕ್ಸು?"

ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. ಅವರು ಓದಿದರು. ತಪ್ಪಾಯಿತು ಎನ್ನಲಿಲ್ಲ.

"ನೀನು ಹೋಗಿದ್ರೆ ಈ ಸೆಂಟರ್ ಯಾರಮ್ಮ ನೋಡ್ಕೋತಿದ್ರು? ಎಷ್ಟು ಮನೆಗೆ ದೀಪ ಹಚ್ಚಿದೀಯ ನೀನು. ಅದೇನ್ ಕಮ್ಮಿನಾ?"

"ಥೂ" ಎಂದಳು ಸಂಗೀತಾ. ಹಿರಿಯರ ಮುಂದೆ ದನಿಯೆತ್ತಿ ಗೊತ್ತಿಲ್ಲದವಳು. ಆ ವಿಭೂತಿ ಕಂಡರೂ ಅವಳಿಗೆ ಅಸಹ್ಯವಾಯಿತು.

ಅಷ್ಟರಲ್ಲಿ ಸುಬ್ರಹ್ಮಣ್ಯಪುರದಿಂದ ದಂಪತಿಗಳು ಬಂದರು, ಮಗಳ ಹೆಸರು ನೋಂದಾಯಿಸಲು. ದೊಡ್ಡಪ್ಪನ ಮುಖ ಥಟ್ಟನೆ ಅರಳಿತು. "ಬನ್ನಿ ಬನ್ನಿ, ಕೂತ್ಕೊಳಿ. ಫೋಟೋ ಇವಳ ಕೈಗೆ ಕೊಡಿ, ನಮ್ಮನೆ ಹುಡುಗಿನೇ."

ತಾಯಿ ಫೋಟೋ ಮುಂದೆ ಹಿಡಿದರು. ಸಂಗೀತಾ ಕೈ ಚಾಚಲಿಲ್ಲ.

"ಇಲ್ಲಿ ಕೊಡ್ಬೇಡಿ ಆಂಟಿ. ಉತ್ರ ಬಂದ್ರೂ ನಿಮ್ ಮಗಳಿಗೆ ತಲುಪತ್ತೆ ಅಂತ ನಾನು ಹೇಳಲಾರೆ."

ಆಕೆ ಒಮ್ಮೆ ಪರಮಶಿವಯ್ಯನವರ ಮುಖ ನೋಡಿದರು, ಒಮ್ಮೆ ಸಂಗೀತಾಳ ಮುಖ. ಆಮೇಲೆ ಮಗಳ ಫೋಟೋವನ್ನು ಸೆರಗಿನಿಂದ ಒರೆಸಿ, ಬ್ಯಾಗಿನೊಳಗಿಟ್ಟು ಜಿಪ್ ಎಳೆದುಕೊಂಡರು.