ಬಾಲ್ಕನಿಯಲ್ಲೊಂದು ಬಾನೆಟ್ಟು

ನನ್ನ ಗಂಡ ಜೆನೆಕ್ ಆಸ್ಪತ್ರೆಯಿಂದ ಮನೆಗೆ ಬಂದವನು ಮೊದಲು ಕೇಳಿದ್ದು ಲಾರಿಯ ರೇಡಿಯೊವನ್ನು, ಲಾರಿಯವರು ದಾರಿಯಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವಂಥದ್ದು. ಕೇಳಿದ ಅನ್ನುವುದೂ ತಪ್ಪೇ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಎಡಗೈಯ ಮುಷ್ಟಿಯನ್ನು ಬಾಯಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಗುಂಡಿ ಒತ್ತುವಂತೆ ಮಾಡಿ ತೋರಿಸಿದ. ಮದುವೆಯಾದಾಗಿನಿಂದ ಲಾರಿಯವನ ಜೊತೆ ಏಗಿದವಳು ನಾನು, ಅಷ್ಟೂ ಅರ್ಥವಾಗದಿದ್ದರೆ ಹೇಗೆ?

ಲಾರಿ ಕಂಪನಿಯದು. ಆಗಲೇ ಅದನ್ನು ಬೇರೆ ಯಾವನೋ ಓಡಿಸುತ್ತಿದ್ದ. ರೇಡಿಯೊ ಮತ್ತು ಆಂಟೆನಾ ಮಾತ್ರ ಜೆನೆಕ್‌ನ ಸ್ವಂತದ್ದು. ಡಿಪೊಗೆ ಹೋಗಿ ಕೇಳಿದೆ. ಅಲ್ಲಿನವನು ಲಾರಿಯ ತಲೆಯ ಮೇಲಿಂದ ಆಂಟೆನಾವನ್ನು ಕಿತ್ತು ಕೈಗೆ ಕೊಟ್ಟ. ಬುಡದಲ್ಲಿ ತಟ್ಟೆಯಷ್ಟಗಲದ ಆಯಸ್ಕಾಂತ, ಮೇಲೆ ಬಳುಕುವ ಉದ್ದನೆಯ ಕಡ್ಡಿ. ಬಸ್ಸಿನಲ್ಲಿ ತರುವಾಗ ಅದು ಹಿಂದಿನ ಸೀಟಿನವರ ಮೂಗಿಗೆಲ್ಲ ಚುಚ್ಚಿ, ದಾರಿಯುದ್ದಕ್ಕೂ ಬೈಸಿಕೊಂಡೆ.

ನಮ್ಮದು ಸೆರಾಡ್ಸ್ ಊರಿನ ಅಂಚಿನಲ್ಲಿರುವ ಕಾಂಕ್ರೀಟ್ ಕಟ್ಟಡದ ಮೂರನೇ ಮಹಡಿ. ಅಡುಗೆಮನೆಯ ಬಾಗಿಲು ತೆಗೆದರೆ ಬಾಲ್ಕನಿ, ಕೆಳಗೆ ಆಲೂಗಡ್ಡೆ ಹೊಲ, ಹೊಲದಾಚೆ ವ್ರೊತ್ಸ್ವಾಫ್ ನಗರಕ್ಕೆ ಹೋಗುವ ಹೆದ್ದಾರಿ. ಆ ವರ್ಷಗಳಲ್ಲಿ ಆ ರಸ್ತೆಯ ಮೇಲೆ ರೇಡಿಯೊ ಇಲ್ಲದ ಲಾರಿಯೇ ಇರಲಿಲ್ಲ. ಎಲ್ಲರೂ ಹತ್ತೊಂಬತ್ತನೇ ಚಾನೆಲ್ಲಿನಲ್ಲಿ. ದಾರಿ ಹೇಗಿದೆ, ಎಲ್ಲಿ ಅಪಘಾತ, ಎಲ್ಲಿ ಕರಡಿಗಳು ನಿಂತಿವೆ. ಕರಡಿ ಎಂದರೆ ಪೊಲೀಸ್. ಅವರ ಬಾಯಲ್ಲಿ ಯಾರಿಗೂ ನಿಜ ಹೆಸರಿಲ್ಲ. ಜೆನೆಕ್‌ನ ಕಾಲು ಉದ್ದವೆಂದು ಅವನನ್ನು ರಸ್ತೆಯವರು ಕೊಕ್ಕರೆ ಎಂದು ಕರೆಯುತ್ತಿದ್ದರು. ಕೊಕ್ಕರೆಯ ಗಂಟಲು ಆ ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ರೇಡಿಯೊವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟೆವು. ಗೋಡೆಯ ಕರೆಂಟನ್ನು ಲಾರಿಯ ಕರೆಂಟಾಗಿಸುವ ಪೆಟ್ಟಿಗೆಯೊಂದನ್ನು ತಂದೆವು. ಆಂಟೆನಾದ್ದೇ ಕಷ್ಟ. ಆಯಸ್ಕಾಂತ ಕೂರಲು ಕಬ್ಬಿಣ ಬೇಕು. ಜೆನೆಕ್ ಮೊದಲು ಫ್ರಿಜ್ಜಿನ ನೆತ್ತಿಗೆ ಅಂಟಿಸಿದ. ಫ್ರಿಜ್ಜು ಗುರ್ ಅಂದಾಗಲೆಲ್ಲ ರೇಡಿಯೊವೂ ಗುರ್ ಎಂದಿತು. ಕೊನೆಗೆ ಬಿಸ್ಕತ್ತಿನ ತಗಡು ಡಬ್ಬವೊಂದನ್ನು ಬಾಲ್ಕನಿಯಲ್ಲಿ ಬೋರಲು ಹಾಕಿ ಅದರ ಮೇಲೆ ನಿಲ್ಲಿಸಿದ. ಕೇಳಿಸಿತು ನೋಡಿ! ನಗು, ಬೈಗುಳ, ಹೆಂಡತಿಯರ ಮೇಲಿನ ಜೋಕು, ಎಲ್ಲವೂ ಸಾಸಿವೆ ಸಿಡಿದಂತೆ ಚಟಪಟ ಅಡುಗೆಮನೆಗೆ ಬಂತು. ಜೆನೆಕ್‌ನ ಮುಖದ ಸರಿಯಿದ್ದ ಅರ್ಧ ನಕ್ಕಿತು.

ಅವನು ಕಾಯುತ್ತಿದ್ದದ್ದು ಒಂದೇ ಗಂಟಲಿಗೆ. ಮಿರೆಕ್ ಪ್ರತಿ ಗುರುವಾರ ಬೆಳಿಗ್ಗೆ ನೆಲಹಾಸಿನ ಹೆಂಚು ತುಂಬಿಕೊಂಡು ಈ ದಾರಿಯಲ್ಲಿ ಹೋಗುತ್ತಿದ್ದ. ಇಬ್ಬರೂ ವರ್ಷಗಟ್ಟಲೆ ಒಬ್ಬರ ಹಿಂದೆ ಒಬ್ಬರು ಲಾರಿ ಓಡಿಸಿದವರು, ರಸ್ತೆಬದಿಯಲ್ಲಿ ಒಂದೇ ಬಾಣಲೆಯಲ್ಲಿ ಮೊಟ್ಟೆ ಹುರಿದು ತಿಂದವರು. ಮಿರೆಕ್ ಆಸ್ಪತ್ರೆಗೆ ಒಂದೇ ಸಲ ಬಂದ. ಮಂಚದ ಕಾಲ ಬಳಿ ನಿಂತು ಮಗುವಿನಂತೆ ಅತ್ತ, ಹೋದ. ಆಮೇಲೆ ಸುಳಿವಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಫೋನ್ ಮಾಡಿ ನಾಲ್ಕು ಮಾತು ಉಗಿದು, ಬಾರೋ ಇಲ್ಲಿ ಅಂತೀನಿ” ಎಂದೆ.

ಜೆನೆಕ್ ಎಡಗೈ ಬೀಸಿ ಚಹಾದ ಗ್ಲಾಸನ್ನು ನೆಲಕ್ಕೆ ಕೆಡವಿದ. ಮೈಕನ್ನು ತೋರಿಸಿ ತನ್ನ ಎದೆ ಬಡಿದುಕೊಂಡ. ಲಾರಿಯವನನ್ನು ಲಾರಿಯವನೇ ಕರೆಯಬೇಕು, ಹೆಂಡತಿಯಲ್ಲ, ಅಂತ. ಚೂರು ಗುಡಿಸುತ್ತ ಗೊಣಗಿದೆ, ಆದರೆ ಒಪ್ಪಿದೆ.

ಅವನ ಕರೆ ಮಾತ್ರ ಯಾರಿಗೂ ಮುಟ್ಟುತ್ತಿರಲಿಲ್ಲ. ಗುಂಡಿ ಒತ್ತಿ ಮಾತಾಡುತ್ತಿದ್ದ, ಬಿಟ್ಟು ಕಾಯುತ್ತಿದ್ದ. ಅತ್ತಲಿನವರು ತಮ್ಮಪಾಡಿಗೆ ತಾವು ಹರಟುತ್ತಿದ್ದರು. ಜೆನೆಕ್ ನನ್ನ ಕಡೆ ತಿರುಗಿ ಬಾಲ್ಕನಿಯತ್ತ ಕೈ ತೋರಿಸಿ “ಆಂ... ಟೆ...” ಅನ್ನುತ್ತಿದ್ದ. ತಪ್ಪೆಲ್ಲ ಆಂಟೆನಾದ್ದು. ನಾನೂ ಆ ಕಡ್ಡಿಗೆ ಒಂದೆರಡು ಬೈದು ಅವನ ಸಮಾಧಾನಕ್ಕೆ ನಿಲ್ಲುತ್ತಿದ್ದೆ.

ಮಾತು ಕಲಿಸುವ ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದಳು. “ದಿನಾ ಮಾತಾಡ್ಸಿ. ಮೊದಲ ವರ್ಷದಲ್ಲಿ ಎಷ್ಟು ಬರತ್ತೋ ಅಷ್ಟೇ. ಆಮೇಲೆ ಬರೋದು ಕಷ್ಟ.” ನನ್ನ ಮುಂದೆ ಅವನು ತುಟಿ ಬಿಚ್ಚುತ್ತಿರಲಿಲ್ಲ. ಬಾಯಿ ಸೊಟ್ಟಗಾಗುವುದನ್ನು ನಾನು ನೋಡಬಾರದು, ಅಷ್ಟು ಜಂಬ. ರೇಡಿಯೊದ ಮುಂದೆ ಮಾತ್ರ ಗಂಟೆಗಟ್ಟಲೆ ತಡಕಾಡುತ್ತಿದ್ದ. ನಾನು ಬೆನ್ನು ಹಾಕಿ ಬೀಟ್‌ರೂಟ್ ಸುಲಿಯುತ್ತ, ಕೇಳಿಸದವಳಂತೆ ಕೇಳುತ್ತಿದ್ದೆ. ಚಳಿಗಾಲದಲ್ಲಿ ಬರೀ ಗೊರಗೊರ ಇತ್ತು. ಈಸ್ಟರ್ ಹೊತ್ತಿಗೆ ಅದರೊಳಗಿಂದ ಮಾತುಗಳು ಮೊಳೆತವು. ನಿ-ಧಾ-ನ. ಕ-ರ-ಡಿ. ಬಸ್ ನಿಲ್ದಾಣದ ಹಿಂದೆ ಪೊಲೀಸರು ಕಾರು ಬಚ್ಚಿಟ್ಟು ನಿಲ್ಲುವುದು ನಮ್ಮ ಬಾಲ್ಕನಿಯಿಂದ ದುರ್ಬೀನಿಗೆ ಚೆನ್ನಾಗಿ ಕಾಣುತ್ತಿತ್ತು. ಇವನು ಇಲ್ಲಿಂದ ಎಚ್ಚರಿಸುತ್ತಿದ್ದ. ಅಲ್ಲಿ ಲಾರಿಗಳು ಒಂದೊಂದಾಗಿ ಸಿಕ್ಕಿಬೀಳುತ್ತಿದ್ದವು. ಇವನು ಮೇಜು ಗುದ್ದಿ ಮತ್ತೆ ಆಂಟೆನಾ ತೋರಿಸುತ್ತಿದ್ದ.

ನೋಡಲಾಗಲಿಲ್ಲ. ಸಂತೆ ಮೈದಾನದಲ್ಲಿ ರೇಡಿಯೊ ಮಾರುವವನ ಅಂಗಡಿಗೆ ಹೋದೆ. ಹಲ್ಲಿನಲ್ಲಿ ಸೂರ್ಯಕಾಂತಿ ಬೀಜ ಕಡಿಯುತ್ತ ಅವನು ಎಲ್ಲ ಕೇಳಿಸಿಕೊಂಡ.

“ಬಿಸ್ಕತ್ ಡಬ್ಬದ ಮೇಲಾ?” ಎಂದು ನಕ್ಕ. “ಅಮ್ಮಾ, ಇದು ಗಾಡಿ ಆಂಟೆನಾ. ಈ ಕಡ್ಡಿ ಅರ್ಧ, ಗಾಡಿ ತಗಡು ಇನ್ನರ್ಧ. ನೀವು ಅರ್ಧ ಮನೆಗೆ ತಂದು ಅರ್ಧ ಡಿಪೋಲೇ ಬಿಟ್ ಬಂದಿದೀರ.”

“ಮತ್ತೆ ಕೇಳ್ಸತ್ತಲ್ಲಪ್ಪ?”

“ಕೇಳ್ಸಕ್ಕೆ ಏನ್ ಬೇಕು, ಒಂದು ಮೊಳೆ ನೆಟ್ರೂ ಕೇಳ್ಸತ್ತೆ. ಹೇಳಕ್ಕೇ ಕಷ್ಟ. ಹೇಳಿದ್ದೆಲ್ಲ ತಂತೀಲೇ ವಾಪಸ್ ಬಂದು ರೇಡಿಯೊನ ಬಿಸಿ ಮಾಡ್ತಿದೆ ಅಷ್ಟೆ. ಮನೆಗೇ ಅಂತ ಮಾಡಿರೋ ಆಂಟೆನಾ ಹಾಕ್ಸಿ.”

“ನಮ್ಮ ಕಟ್ಟಡದ ಸಂಘದವರು ಛಾವಣಿ ಮೇಲೆ ಪಾರಿವಾಳ ಕೂರಕ್ಕೂ ಬಿಡಲ್ಲ.”

“ಹಂಗಾದ್ರೆ ಇದರ ಕೆಳಗೆ ಒಂದು ಗಾಡಿ ಇಡಿ” ಎಂದು ಇನ್ನೊಂದು ಬೀಜ ಕಡಿದ. ತಮಾಷೆಗೆ ಅಂದನೋ ನಿಜಕ್ಕೆ ಅಂದನೋ, ನಾನು ನೇರ ಗುಜರಿಗೆ ಹೋದೆ.

ಹಳೆಯ ಕಾರೊಂದರ ಬಾನೆಟ್ ಸಿಕ್ಕಿತು. ಕೆನೆ ಬಣ್ಣ, ಒಂದು ಮೂಲೆ ತುಕ್ಕು. ಗುಜರಿಯವನೂ ನಾನೂ ಹಿಡಿದು ಮೆಟ್ಟಿಲು ಹತ್ತಿಸುವಾಗ ಕೆಳಮನೆಯ ಯಾದ್ವಿಗಾ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

“ಏನ್ ಬೊಜೆನಾ, ಕಾರ್ ತಗೊಂಡ್ಯಾ? ಕಂತಲ್ಲಿ ಬರ್ತಿದೆಯಾ, ಇವತ್ತು ಬಾನೆಟ್ಟು, ನಾಳೆ ಚಕ್ರನಾ?”

“ಹೂಂ, ಪೂರ್ತಿ ಬಂದ್ಮೇಲೆ ನಿನ್ನೇ ಮೊದಲು ಕೂರಿಸ್ಕೊಂಡ್ ಹೋಗ್ತೀನಿ. ಸ್ಮಶಾನಕ್ಕೆ!”

ಅವಳು ಬಾಗಿಲು ಬಡಿದುಕೊಂಡಳು. ನನಗೆ ಹಗುರವಾಗಿತ್ತು. ಬಾನೆಟ್ಟನ್ನು ಬಾಲ್ಕನಿಯ ಅಡ್ಡಕ್ಕೆ ಹಾಸಿ, ಎರಡು ಸ್ಟೂಲುಗಳ ಮೇಲೆ ಕೂರಿಸಿ, ನಡುವೆ ಆಂಟೆನಾ ಇಟ್ಟೆವು. ಆಯಸ್ಕಾಂತ ಟಪ್ಪೆಂದು ಕಚ್ಚಿಕೊಂಡಿತು. ಹೇಳಿದ್ದು ಎಷ್ಟು ವಾಪಸ್ ಬರುತ್ತದೆಂದು ತೋರಿಸುವ ಮೀಟರೊಂದನ್ನು ಅಂಗಡಿಯವನು ಕೊಟ್ಟಿದ್ದ; ಅದನ್ನು ರೇಡಿಯೊಗೂ ಆಂಟೆನಾಗೂ ನಡುವೆ ಸಿಕ್ಕಿಸಿದರೆ, ಬಿಸ್ಕತ್ ಡಬ್ಬದ ಮೇಲೆ ಕೆಂಪಿಗೆ ಹಾರಿದ್ದ ಮುಳ್ಳು ಈಗ ಕೆಳಗೇ ಮಲಗಿತ್ತು. ಜೆನೆಕ್ ಬಾನೆಟ್ಟನ್ನು ಎಡಗೈಯಿಂದ ಸವರಿದ, ಕುದುರೆಯ ಕತ್ತು ಸವರಿದಂತೆ. ಆಮೇಲೆ ನನ್ನ ಕೆನ್ನೆ ಸವರಿದ. “ಬೊ-ಜೆ-ನ್ಕಾ” ಎಂದ, ಹತ್ತಿರದವರು ನನ್ನನ್ನು ಕರೆಯುವ ಹಾಗೆ. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗುರುವಾರ ಬೆಳಿಗ್ಗೆ ಅವನು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡು ಮೈಕಿನ ಮುಂದೆ ಕೂತ. ಬಸ್ ನಿಲ್ದಾಣದ ಹಿಂದೆ ಕರಡಿಗಳು ಆಗಲೇ ಬಂದಿದ್ದವು. ಸ್ವಲ್ಪ ಹೊತ್ತಿಗೆ ಮಿರೆಕ್‌ನ ಗಂಟಲು ಬಂತು, ದಾರಿ ಹೇಗಿದೆಯೆಂದು ಯಾರನ್ನೋ ಕೇಳುತ್ತ.

ಜೆನೆಕ್ ಗುಂಡಿ ಒತ್ತಿದ. “ಮಿ... ರೆಕ್. ಕೊ... ಕೊ... ಕ್ಕ... ಕ-ರ-ಡಿ. ನಿ-ಧಾ-ನ.”

ನನ್ನ ಕಿವಿಗೆ ಅದು ಸ್ಪಷ್ಟವಾಗಿತ್ತು. ತಿಂಗಳುಗಟ್ಟಲೆ ಕೇಳಿದ್ದೆನಲ್ಲ.

ಗುಂಡಿ ಬಿಟ್ಟ. ಚಾನೆಲ್ ಒಂದು ಕ್ಷಣ ಖಾಲಿಯಾಯಿತು. ಮುಟ್ಟಿತು! ನಾನು ಅವನ ಭುಜ ಹಿಡಿದುಕೊಂಡೆ.

“ಯಾವನ್ ಗುರೂ ಇದು?” ಮಿರೆಕ್‌ನದೇ ದನಿ. “ಬೆಳಬೆಳಿಗ್ಗೆನೇ ಏರಿಸ್ಕೊಂಡ್ ಕೂತವ್ನೆ!”

“ಕೊ ಕೊ ಕೊ” ಎಂದು ಇನ್ನೊಬ್ಬ ಕೋಳಿಯಂತೆ ಕೂಗಿದ. “ತಾತಾ, ಯಾವ ಅಂಗಡೀದು? ನಮಗೂ ಒಂದು ಬಾಟ್ಲು ಇಡು!”

“ನಿನ್ನೆ ಮೊನ್ನೆನೂ ಇವನೇ ಕಣ್ರೋ, ಸಣ್ಣಗೆ ಗೊರಗೊರ ಅಂತಿದ್ದ. ಇವತ್ತು ಜೋರಾಗಿ ಬಂದವ್ನೆ.”

“ಏಯ್ ಕುಡುಕ” ಎಂದ ಮಿರೆಕ್, “ಚಾನೆಲ್ ಬಿಟ್ಟು ಹೋಗಿ ಮಲ್ಕೊ. ಇಲ್ಲಿ ಜನ ಕೆಲಸ ಮಾಡ್ತಾ ಅವ್ರೆ.”

ನನಗೆ ತಲೆ ಕೆಟ್ಟಿತು. ಜೆನೆಕ್‌ನ ಕೈಯಿಂದ ಮೈಕ್ ಕಿತ್ತುಕೊಂಡು ಕಿರುಚಿದೆ. “ಅವನು ಕುಡಿದಿಲ್ಲ ಕಣೋ ಪಾಪಿ! ಅದು ಜೆನೆಕ್! ನಿನ್ನ ಕೊಕ್ಕರೆ! ಲಕ್ವ ಹೊಡೆದ ನಾಲಿಗೇಲಿ ನಿನ್ನ ಹೆಸರು ಹೇಳಕ್ಕೆ ಇಡೀ ಚಳಿಗಾಲ ಒದ್ದಾಡಿದಾನೆ!”

ಗುಂಡಿ ಬಿಟ್ಟೆ. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಕೋಳಿ ಕೂಗಿದವನು “ಕ್ಷಮಿಸಿ ಅಮ್ಮ” ಎಂದ. ಇನ್ಯಾರೋ “ಬೇಗ ಹುಷಾರಾಗು ತಾತ, ದೇವರಿದಾನೆ” ಎಂದ. ಮಿರೆಕ್ “ಜೆನೆಕ್... ಅಣ್ಣಾ...” ಎಂದು ತಡವರಿಸಿದ. ನಿಮಿಷದ ಹಿಂದೆ ನಗುತ್ತಿದ್ದ ಗಂಟಲುಗಳೆಲ್ಲ ಈಗ ತೊಟ್ಟಿಲ ಮಗುವಿನ ಹತ್ತಿರ ಮಾತಾಡುವಂತೆ ಮಾತಾಡುತ್ತಿದ್ದವು. ಕುಡುಕ ಎಂದದ್ದೇ ವಾಸಿಯಿತ್ತು. ಕುಡುಕನಾದರೂ ಅವರಲ್ಲೊಬ್ಬ. ನಾನು ಬಾಯಿ ಹಾಕಿ ಅವನನ್ನು ಇಡೀ ರಸ್ತೆಗೆ ರೋಗಿಯನ್ನಾಗಿ ಮಾಡಿದ್ದೆ.

ಜೆನೆಕ್ ಎಡಗೈ ಚಾಚಿ ರೇಡಿಯೊ ಆರಿಸಿದ. ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ. ಗ್ಲಾಸು ಒಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಮಿರೆಕ್ ಗಸಗಸೆಯ ಕೇಕ್ ಹಿಡಿದು ಬಂದ. ಜೆನೆಕ್‌ನ ಕಾಲ ಬಳಿ ಮೊಣಕಾಲೂರಿದ. “ಬೈಯೋ ಅಣ್ಣ, ಉಗಿಯೋ, ಒಂದು ಮಾತು ಆಡು. ನನಗೆ ಗೊತ್ತಾಗಲಿಲ್ಲ ಕಣೋ” ಎಂದು ಗೋಗರೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜೆನೆಕ್ ಅವನ ತಲೆಯ ಮೇಲೆ ಕೈಯಿಟ್ಟ, ಕ್ಷಮಿಸಿದಂತೆಯೇ ಇಟ್ಟ. ಕೇಕನ್ನೂ ತಿಂದ. ಬಾಯಿ ಬಿಚ್ಚಿದ್ದು ತಿನ್ನಲಿಕ್ಕಷ್ಟೆ.

ಅಂದಿನಿಂದ ಅವನು ಮೈಕು ಮುಟ್ಟಿಲ್ಲ. ಮುಂಚೆ ದಿನವಿಡೀ ಕಾಣದವರ ಜೊತೆ ಗುದ್ದಾಡುತ್ತಿದ್ದವನಿಗೆ ಒಂದು ನೆಪವಿತ್ತು. ಆಂಟೆನಾ ಸರಿಯಿಲ್ಲ, ಅದಕ್ಕೇ ಯಾರೂ ಓಗೊಡುತ್ತಿಲ್ಲ, ಸರಿಯಾದ ದಿನ ಕೊಕ್ಕರೆ ಮತ್ತೆ ಕೊಕ್ಕರೆಯೇ. ಆ ನೆಪದ ಮೇಲೆ ಅವನ ನಾಲಿಗೆ ನಿಂತಿತ್ತು. ನಾನು ಆಂಟೆನಾದ ಕೆಳಗೆ ಬಾನೆಟ್ಟು ತಂದು ಹಾಸಿ ಆ ನೆಪವನ್ನೇ ಕಿತ್ತುಹಾಕಿದೆ. ಮೊಳೆತ ಮಾತುಗಳು ಒಂದೊಂದೇ ಬಾಡಿದವು. ನಿಧಾನ ಹೋಯಿತು. ಕರಡಿ ಹೋಯಿತು. ನನ್ನ ಹೆಸರೂ ಹೋಯಿತು. ಡಾಕ್ಟರಮ್ಮ ಶರತ್ಕಾಲದಲ್ಲಿ ನೋಡಿ “ಏನಾಯ್ತು? ಚೆನ್ನಾಗಿ ಬರ್ತಿತ್ತಲ್ಲ?” ಎಂದಳು. ವರ್ಷ ಮುಗಿಯಿತು.

ಆದರೂ ಪ್ರತಿ ಗುರುವಾರ ಅವನೇ ರೇಡಿಯೊ ಹಾಕುತ್ತಾನೆ. ಹಾಕಿ ಮೈಕನ್ನು ಮೇಜಿನ ಆ ತುದಿಗೆ ತಳ್ಳುತ್ತಾನೆ. ಮಿರೆಕ್ ಹೊಲದಾಚೆ ಬಂದವನೇ ಕರೆಯುತ್ತಾನೆ. “ಕೊಕ್ಕರೆ, ಕೊಕ್ಕರೆ, ಕೇಳಿಸ್ತಾ ಇದೆಯಾ ಅಣ್ಣಾ? ಒಂದ್ಸಲ ಗುಂಡಿ ಒತ್ತು ಸಾಕು, ಮಾತಾಡೋದೂ ಬೇಡ.” ಜೆನೆಕ್ ಪ್ರತಿ ಅಕ್ಷರ ಕೇಳುತ್ತಾನೆ. ಲಾರಿಯ ನೆತ್ತಿ ಮರಗಳ ಹಿಂದೆ ಮರೆಯಾಗುವ ತನಕ ಕೇಳುತ್ತಾನೆ. ಎಡಗೈ ತೊಡೆಯ ಮೇಲೇ ಇರುತ್ತದೆ.

ಕಳೆದ ಗುರುವಾರ ಲಾರಿ ದಾಟಿದ ಮೇಲೆ ನನ್ನ ಫೋನು ಹೊಡೆದುಕೊಂಡಿತು. ಮಿರೆಕ್. ದನಿ ಒಡೆದಿತ್ತು.

“ಬೊಜೆನ್ಕಾ, ಎಷ್ಟು ವಾರದಿಂದ ಕರೀತಿದೀನಿ, ಒಂದು ಚೂರೂ ಬರ್ತಿಲ್ಲ. ನಿಮ್ಮ ಆಂಟೆನಾನೇ ಕೆಟ್ಟಿರಬೇಕು ಅಲ್ವಾ? ಹೌದು ಅನ್ನು.”

ಜೆನೆಕ್ ನನ್ನನ್ನೇ ನೋಡುತ್ತಿದ್ದ. ಬಾಲ್ಕನಿಯಲ್ಲಿ ಕಡ್ಡಿ ನೆಟ್ಟಗೆ ನಿಂತಿತ್ತು.

“ಹೌದು ಮಿರೆಕ್” ಎಂದೆ. “ಆಂಟೆನಾದ್ದೇ ತಪ್ಪು.”