ತುಂಬುತೋಳಿನ ಅಂಗಿ

“ಇದು ಬೇಡವಂತೆ” ಎಂದು ಕವನಾ ಸೀರೆಯ ಕವರನ್ನು ಹಾಗೆಯೇ ತಂದು ಮಂಚದ ಮೇಲೆ ಇಟ್ಟಳು.

ರಂಗಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಕವರಿನೊಳಗೆ ಇಣುಕಿದಳು. ನವಿಲುಗೊರಳ ಬಣ್ಣದ ರೇಷ್ಮೆ ಸೀರೆ, ತಮ್ಮನ ಮದುವೆಗೆ ತೆಗೆಸಿದ್ದು. ತಾನು ಹಾಕಿಕೊಟ್ಟ ಮಡಿಕೆಯನ್ನು ಕೂಡ ಯಾರೂ ಬಿಚ್ಚಿ ನೋಡಿರಲಿಲ್ಲ. ‘ಕಾರ್ಯಕ್ರಮಕ್ಕೆ ನಿಮ್ಮಮ್ಮನ ಡ್ರೆಸ್ ಒಂದು ತಗೊಂಡು ಬಾ’ ಎಂದು ಮಗಳ ಕಾಲೇಜಿನ ಮೇಡಂ ಹೇಳಿಕಳಿಸಿದ್ದೇ ತಡ, ರಂಗಮ್ಮ ಟ್ರಂಕಿನ ತಳದಿಂದ ಅದನ್ನು ತೆಗೆದು, ನುಸಿಗುಳಿಗೆಯ ವಾಸನೆ ಹೋಗಲೆಂದು ಅರ್ಧ ದಿನ ಗಾಳಿಗೆ ಹರವಿ, ಜರಿಗೆ ಕೈ ತಾಗದ ಹಾಗೆ ಮಡಿಸಿ ಕಳಿಸಿದ್ದಳು. ಅಷ್ಟು ದೊಡ್ಡ ಕಾಲೇಜಿನವರು ತನ್ನ ಬಟ್ಟೆ ಕೇಳಿದ್ದಾರೆಂದು ಪಕ್ಕದ ಮನೆಗೂ ಹೋಗಿ ಹೇಳಿ ಬಂದಿದ್ದಳು.

“ಎಂತ ಆಗಿದೆಯಂತೆ ಇದಕ್ಕೆ?”

“ಎಂತದೂ ಆಗಿಲ್ಲ. ನೀನು ತೋಟಕ್ಕೆ ಹಾಕ್ಕೊಂಡು ಹೋಗ್ತೀಯಲ್ಲ, ಆ ಅಂಗಿ ಬೇಕಂತೆ. ಒರಿಜಿನಲ್ ಬೇಕಂತೆ.”

“ಹಂಗಾದ್ರೆ ಇದೇನು ಡೂಪ್ಲಿಕೇಟಾ?”

ಕವನಾ ಕೈಕಾಲು ತೊಳೆಯಲು ಹೋದಳು. ಅವಳು ಮೂಡಿಗೆರೆಯ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದಳು. ಶನಿವಾರ ಅಲ್ಲಿ ಬಹುಸಂಸ್ಕೃತಿ ದಿನ. ಒಂದೊಂದು ತಂಡಕ್ಕೆ ಒಂದೊಂದು ಸಂಸ್ಕೃತಿ ಎಂದು ರಶ್ಮಿ ಮೇಡಂ ಚೀಟಿ ಬರೆದು ಎತ್ತಿಸಿದ್ದರು. ಕೊಡವರು, ಲಂಬಾಣಿಗರು, ಕೇರಳ, ರಾಜಸ್ಥಾನ. ಕೊನೆಯಲ್ಲೊಂದು ಚೀಟಿ ಖಾಲಿ ಉಳಿದಾಗ ಒಂದು ಗಳಿಗೆ ಯೋಚಿಸಿ ‘ತೋಟದ ಕೂಲಿಯವರು’ ಎಂದು ಬರೆದರು. ಆ ಚೀಟಿ ಬಂದದ್ದು ಸಾಹುಕಾರ್ ರಾಜೀವ್ ಅವರ ಮಗಳು ರಕ್ಷಾಳ ತಂಡಕ್ಕೆ. ಆಗಲೇ ಮೇಡಂ ಇಡೀ ಕ್ಲಾಸಿನ ಮುಂದೆ, “ಕವನಾ, ನಿಮ್ಮಮ್ಮ ರಕ್ಷಾ ಅವರ ತೋಟಕ್ಕೇ ಅಲ್ವಾ ಕೆಲ್ಸಕ್ಕೆ ಬರೋದು?” ಎಂದು ಕೇಳಿದ್ದು. ಎರಡು ವರ್ಷದಿಂದ ಯಾರಿಗೂ ಗೊತ್ತಿಲ್ಲದ ಸಂಗತಿ ಒಂದೇ ಮಾತಿಗೆ ಅರವತ್ತು ಜನಕ್ಕೆ ಗೊತ್ತಾಯಿತು.

ಇದನ್ನೆಲ್ಲ ಊಟಕ್ಕೆ ಕೂತಾಗ ಅವಳ ಬಾಯಿಂದ ಹೊರಡಿಸುವಷ್ಟರಲ್ಲಿ ರಂಗಮ್ಮನಿಗೆ ಸಾಕುಬೇಕಾಯಿತು.

“ಅಲ್ಲ ಕಣೆ, ಕಾಫಿ ಹಣ್ಣು ಕುಯ್ಯೋದು ಯಾವ ಸಂಸ್ಕೃತಿ? ನಮ್ದು ಅಂತ ಬೇಕಾದ್ರೆ ಕಡುಬು ಇಲ್ವಾ, ಸೋಬಾನೆ ಪದ ಇಲ್ವಾ? ಬಂದು ಕೇಳ್ಲಿ, ನಾಲ್ಕು ಪದ ನಾನೇ ಹೇಳ್ಕೊಡ್ತೀನಿ. ಅಂಗಿ ಹಾಕ್ಕೊಳ್ಳೋದು ಚಗಳಿ ಕಚ್ಚುತ್ತೆ ಅಂತ ಮಾರಾಯ್ತಿ!”

“ನನ್ನ ಮೇಲೆ ಎಂತಕ್ಕೆ ಕೂಗ್ತೀಯಮ್ಮ? ಕೊಟ್ರೆ ಕೊಡು, ಇಲ್ಲಾಂದ್ರೆ ಇಲ್ಲ ಅಂತ ಹೇಳ್ತೀನಿ.”

ಹೇಳುವ ಹುಡುಗಿಯ ಮುಖ ನೋಡಿದರೆ ಅವಳು ಇಲ್ಲ ಎನ್ನಲಾರಳು ಎಂಬುದು ತಿಳಿಯುತ್ತಿತ್ತು. ಇಂಟರ್ನಲ್ ಮಾರ್ಕ್ಸು ಆ ಮೇಡಂ ಕೈಯಲ್ಲೇ ಇತ್ತು. ರಂಗಮ್ಮ ಗಳುವಿನ ಮೇಲಿದ್ದ ಅಂಗಿಯನ್ನು ಎಳೆದುಕೊಂಡಳು.

ಅದು ಗಂಡ ಶಂಕರನ ಹಳೆಯ ಖಾಕಿ ಅಂಗಿ. ಈಗ ಅದು ಪೂರ್ತಿ ರಂಗಮ್ಮನದು, ಯಾಕೆಂದರೆ ಅದರಲ್ಲಿ ಅವಳ ಹೊಲಿಗೆ ಹೆಚ್ಚು, ಅಂಗಡಿಯ ಹೊಲಿಗೆ ಕಡಿಮೆ. ಕಾಫಿ ಗಿಡಗಳ ಮೇಲೆ ಎಲೆ ಸೇರಿಸಿ ಗೂಡು ಕಟ್ಟುವ ಚಗಳಿ ಎಂಬ ಕೆಂಪಿರುವೆಗಳ ವಿಷಯ ಹಣ್ಣು ಕುಯ್ದವರಿಗೇ ಗೊತ್ತು. ಕೊಂಬೆ ಬಗ್ಗಿಸಿದರೆ ಸಾಕು, ಮೈಮೇಲೆ ಸುರಿಯುತ್ತವೆ, ಒಳಗೆ ಹೊಕ್ಕು ಕಚ್ಚಿದರೆ ಕಿತ್ತರೂ ಬಿಡುವುದಿಲ್ಲ. ಅದಕ್ಕೇ ಅವಳು ತೋಳಿನ ತುದಿಗೆ ಎಲಾಸ್ಟಿಕ್ ಸೇರಿಸಿ ಹೊಲಿದಿದ್ದಳು, ಕಾಲರಿಗೆ ಒಂದು ಗುಂಡಿ ಹೆಚ್ಚಿಗೆ ಇಟ್ಟಿದ್ದಳು, ಚೂರು ತೂತು ಕಂಡರೂ ಆವತ್ತೇ ಮುಚ್ಚುತ್ತಿದ್ದಳು. ಮೂರು ವರ್ಷದಲ್ಲಿ ಈ ಅಂಗಿಯೊಳಗೆ ಒಂದೇ ಒಂದು ಚಗಳಿ ಹೊಕ್ಕಿಲ್ಲ ಎಂಬುದು ಅವಳ ಹೆಮ್ಮೆ.

ಬೇರೆಯವರ ಮೈಮೇಲೆ ಹೋಗುವ ಬಟ್ಟೆ ಎಂದು ಅವಳು ಅದನ್ನು ಎರಡು ಸಲ ಸೋಪು ಹಾಕಿ ಒಗೆದು, ಒಣಗಿಸಿ, ಇಸ್ತ್ರಿಯನ್ನೂ ಮಾಡಿದಳು.

“ಶನಿವಾರ ಸಂಜೆ ವಾಪಸ್ ತರ್ಬೇಕು. ಸೋಮವಾರ ರೋಬಸ್ಟಾ ಕಾಫಿ ಕುಯ್ಲು. ಇನ್ನೊಂದು ಇಲ್ಲ ನನ್ನ ಹತ್ರ” ಎಂದಳು. ಆಮೇಲೆ, “ಕಾರ್ಯಕ್ರಮಕ್ಕೆ ನಾನೂ ಬರ್ತೀನಿ” ಎಂದೂ ಹೇಳಿದಳು.

“ನೀನು ಬರ್ಲೇಬೇಕು ಅಂತ ಎಂತದೂ ಇಲ್ಲಮ್ಮ” ಎಂದಳು ಕವನಾ, ಬೇಗ ಬೇಗ. ಆ ಮಾತು ಮಾತ್ರ ರಂಗಮ್ಮನ ಎದೆಗೆ ನೆಟ್ಟಗೆ ನಾಟಿತು. ಮಗಳು ತನ್ನಿಂದಾಗಿ ನಾಚುತ್ತಿದ್ದಾಳೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿದ್ದು ಆಗ.

ಹೋಗಬಾರದು ಎಂದು ಶುಕ್ರವಾರದವರೆಗೂ ಅಂದುಕೊಂಡವಳು ಶನಿವಾರ ಬೆಳಗ್ಗೆ ಅದೇ ನವಿಲುಗೊರಳ ಸೀರೆ ಉಟ್ಟು, ತಲೆ ಬಾಚಿ, ಬಣಕಲ್ಲಿನಲ್ಲಿ ಬಸ್ಸು ಹತ್ತಿದಳು. ಕಾಲೇಜಿನ ಬಾಗಿಲಲ್ಲಿ ನಿಂತಿದ್ದ ಹುಡುಗಿಯರು “ಬನ್ನಿ ಆಂಟಿ” ಎಂದು ಗುಲಾಬಿ ಕೊಟ್ಟು, ಯಾರ ಅಮ್ಮ ಎಂದು ಕೇಳಿ ತಿಳಿದುಕೊಂಡು, ಎರಡನೇ ಸಾಲಿನಲ್ಲಿ ಕೂರಿಸಿದರು. ಮುಂದಿನ ಸಾಲಿನ ಸೋಫಾದಲ್ಲಿ ಪ್ರಿನ್ಸಿಪಾಲ್ ಚಂದ್ರಶೇಖರಪ್ಪನವರ ಪಕ್ಕ ಸಾಹುಕಾರ್ ರಾಜೀವ್ ಕೂತಿದ್ದರು. ಅವರು ಒಮ್ಮೆ ತಿರುಗಿ ರಂಗಮ್ಮನನ್ನು ನೋಡಿದರೂ ಯಾರೆಂದು ಅವರಿಗೆ ಗೊತ್ತಾದ ಹಾಗೆ ಕಾಣಲಿಲ್ಲ. ಎಂಟು ವರ್ಷ ಅವರ ತೋಟದಲ್ಲಿ ಗೇದವಳು!

ಪ್ರಿನ್ಸಿಪಾಲರು ಎಲ್ಲ ಸಂಸ್ಕೃತಿಯನ್ನೂ ಗೌರವಿಸಬೇಕು ಎಂದು ಅರ್ಧ ಗಂಟೆ ಮಾತಾಡಿದರು. ಕೊಡವರ ತಂಡ ಕುಣಿಯಿತು, ಲಂಬಾಣಿಗರ ಕನ್ನಡಿ ಲಂಗ ಮಿಂಚಿತು. ರಾಜಸ್ಥಾನದ ತಂಡದಲ್ಲಿ ಕವನಾ ಗಾಗ್ರಾ ತೊಟ್ಟು ಬಂದಾಗ ರಂಗಮ್ಮ ಜೋರಾಗಿ ಚಪ್ಪಾಳೆ ತಟ್ಟಿದಳು. ಕವನಾ ಒಂದು ಕ್ಷಣ ಅಮ್ಮನನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

ಆಮೇಲೆ ಮುಖಕ್ಕೆಲ್ಲ ಮಸಿ ಬಳಿದುಕೊಂಡು, ತಲೆಗೆ ಬಟ್ಟೆ ಸುತ್ತಿ, ಸೊಂಟಕ್ಕೆ ಚೀಲ ಕಟ್ಟಿಕೊಂಡ ಒಂದು ಹೆಂಗಸು ವೇದಿಕೆಗೆ ಬಂತು. ತಲೆ ಪರಪರ ಕೆರೆದುಕೊಂಡಿತು. “ಏಯ್ ಮೇಸ್ತ್ರೀ, ಎಲೆಡಿಕೆ ಕೊಡೋ ಮಾರಾಯ!” ಎಂದು ಕೂಗಿತು. ಹಣ್ಣು ಕುಯ್ಯುತ್ತ ಕುಯ್ಯುತ್ತ ಗಿಡಕ್ಕೆ ಒರಗಿ ಗೊರಕೆ ಹೊಡೆಯಿತು, ಸೀಟಿ ಊದಿದ ಕೂಡಲೇ ಎದ್ದು ಬಿದ್ದು ಓಡಿತು. ಸಭೆ ಬಿದ್ದು ಬಿದ್ದು ನಕ್ಕಿತು. ರಾಜೀವ್ ಅವರು ಸೋಫಾದಲ್ಲಿ ಹಿಂದಕ್ಕೆ ಒರಗಿ ನಕ್ಕರು. ರಂಗಮ್ಮನೂ ನಕ್ಕಳು. ಸುಳ್ಳು ಹೇಳಬಾರದು, ಗೊರಕೆಗೆ ಅವಳಿಗೂ ನಗು ಬಂತು.

ಆ ಹೆಂಗಸು ನಮಸ್ಕಾರ ಮಾಡಲು ಕೈ ಎತ್ತಿದಾಗ ತೋಳಿನ ತುದಿಯ ಎಲಾಸ್ಟಿಕ್ ಕಂಡಿತು.

ನಗು ಅಲ್ಲೇ ನಿಂತಿತು. ಎಡಗೈ ತೋಳು ಮೊಣಕೈಯಿಂದ ಭುಜದವರೆಗೆ ಬಾಯಿ ತೆರೆದುಕೊಂಡು ಜೋತಾಡುತ್ತಿತ್ತು. ಹಳತಾಗಿ ಹರಿದದ್ದಲ್ಲ, ಬ್ಲೇಡಿನಲ್ಲಿ ಸೀಳಿದ್ದು. ಹೊಲಿಯುವವಳ ಕಣ್ಣಿಗೆ ಅದು ಎರಡನೇ ಸಾಲಿನಿಂದಲೂ ತಿಳಿಯುತ್ತದೆ. ಎದೆಯ ಮೇಲೆಲ್ಲ ಮಸಿಯ ಕೈಗುರುತು. ಎರಡು ಸಲ ಸೋಪು ಹಾಕಿ ಒಗೆದ ಅಂಗಿ! ರಂಗಮ್ಮನ ಮೈ ಉರಿದುಹೋಯಿತು.

ಅಷ್ಟರಲ್ಲಿ ರಶ್ಮಿ ಮೇಡಂ ಮೈಕು ಹಿಡಿದಿದ್ದರು. “ನಮ್ಮ ರಕ್ಷಾ ತೊಟ್ಟಿರೋದು ಬಾಡಿಗೆ ಡ್ರೆಸ್ ಅಲ್ಲ, ನಿಜವಾದ ಕಾರ್ಮಿಕ ಮಹಿಳೆಯ ಒರಿಜಿನಲ್ ಅಂಗಿ. ಆ ತಾಯಿಯೇ ಇವತ್ತು ನಮ್ಮ ಜೊತೆ ಇದ್ದಾರೆ. ರಂಗಮ್ಮನವರು ವೇದಿಕೆಗೆ ಬರಬೇಕು!”

ಯಾರೋ ಕೈ ಹಿಡಿದು ಎಬ್ಬಿಸಿದರು. ವೇದಿಕೆಯ ಮೇಲೆ ಪ್ರಿನ್ಸಿಪಾಲರು ಹೆಗಲಿಗೆ ಒಂದು ಶಾಲು ಹೊದಿಸಿದರು. ಚಳಿಗೂ ಆಗದ, ಹಾಸಲೂ ಆಗದ, ಸನ್ಮಾನಕ್ಕೆಂದೇ ಹುಟ್ಟಿದ ಜರಿಯಂಚಿನ ಶಾಲು. ಫೋಟೋದ ಹುಡುಗ ಕ್ಯಾಮೆರಾ ಎತ್ತಿದವನು ಇಳಿಸಿ ಮೇಡಂ ಕಡೆ ನೋಡಿದ. ಮೇಡಂ ರಂಗಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

“ಅಮ್ಮ, ರಕ್ಷಾ ತಲೆಗೆ ಕಟ್ಟಿರೋ ಬಟ್ಟೇನ ಒಂದ್ ನಿಮಿಷ ನೀವು ಕಟ್ಕೊಳ್ಳಿ. ಈ ರೇಷ್ಮೆ ಸೀರೇಲಿ ನೀವು ಯಾರು ಅಂತಾನೇ ಫೋಟೋದಲ್ಲಿ ಗೊತ್ತಾಗಲ್ಲ.”

ರಂಗಮ್ಮ ಬಟ್ಟೆಗೆ ಕೈ ಚಾಚಲಿಲ್ಲ.

“ಅಂಗಿ ಹರಿದಿದ್ದು ಯಾರು ಮೇಡಂ?”

ಮೈಕು ಇಬ್ಬರ ನಡುವೆಯೇ ಇತ್ತು. ಸಭೆಗೆಲ್ಲ ಕೇಳಿಸಿತು.

“ಅದು… ಸ್ವಲ್ಪ ಎಫೆಕ್ಟಿಗೆ ಅಮ್ಮ. ನೀವು ಇಸ್ತ್ರಿ ಮಾಡಿ ಕಳ್ಸಿದ್ರಲ್ಲ, ತುಂಬಾ ನೀಟಾಗಿತ್ತು. ಕೂಲಿಯವರ ಬಟ್ಟೆ ಥರಾನೇ ಕಾಣ್ತಿರಲಿಲ್ಲ.”

“ಹರಿದ ಅಂಗಿ ಹಾಕ್ಕೊಂಡು ಯಾರೂ ಹಣ್ಣು ಕುಯ್ಯಕ್ಕೆ ಹೋಗಲ್ಲ ಮೇಡಂ. ಚಗಳಿ ಒಳಗೆ ಹೋಗುತ್ತೆ.” ಅವಳು ಆ ಸೀಳಿದ ತೋಳಿನ ಕಡೆ ಕೈ ತೋರಿಸಿದಳು. “ನಿಮಗೆ ಒರಿಜಿನಲ್ ಬೇಕಿತ್ತು. ನಾನು ಕಳ್ಸಿದ್ದು ಒರಿಜಿನಲ್. ಇದು ನೀವು ಮಾಡ್ಕೊಂಡಿದ್ದು. ಮತ್ತೆ ಈ ಗೊರಕೆ ಹೊಡೆಯೋದು? ಗಿಡಕ್ಕೆ ಒರಗಿ ಮಲಗಿದ್ರೆ ದಿನಕ್ಕೆ ಅಷ್ಟು ಚೀಲ ತುಂಬುತ್ತಾ? ಸಾಹುಕಾರ್ರು ಎದುರಿಗೇ ಕೂತಿದಾರೆ, ಕೇಳಿ. ನಾನು ಮಲಗಿದ್ದು ಯಾವತ್ತು ನೋಡಿದಾರೆ ಅಂತ ಕೇಳಿ!”

ರಾಜೀವ್ ಅವರು ಸೋಫಾದಲ್ಲಿ ನೆಟ್ಟಗೆ ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದವರು ತಾವೇ ಬಾಯಿ ಮುಚ್ಚಿಕೊಂಡರು. ರಂಗಮ್ಮ ರಕ್ಷಾಳ ಕಡೆ ತಿರುಗಿದಳು. ತೋಟದಲ್ಲಿ ಸಿಕ್ಕಾಗಲೆಲ್ಲ ‘ನೀವು’ ಎಂದೇ ಮಾತಾಡಿಸುತ್ತಿದ್ದ ಹುಡುಗಿ. ಮಸಿಯ ನಡುವೆ ಅವಳ ಕಣ್ಣು ತುಂಬಿತ್ತು.

“ಬಿಚ್ಚಿ ಕೊಡು ಮಗ. ಸೋಮವಾರ ನನಗೆ ಕೆಲ್ಸ ಐತೆ.”

ರಕ್ಷಾ ಸೀರೆಯ ಮೇಲೆ ತೊಟ್ಟಿದ್ದ ಅಂಗಿಯ ಗುಂಡಿಗಳನ್ನು ತಡವರಿಸುತ್ತ ಬಿಚ್ಚಿದಳು. ಕಾಲರಿನ ಹೆಚ್ಚಿನ ಗುಂಡಿ ಅವಳಿಗೆ ಸಿಗಲಿಲ್ಲ. ಮೇಡಂ ಮೈಕನ್ನು ಆಫ್ ಮಾಡಿ, “ಆಮೇಲೆ ಮಾತಾಡೋಣ, ಕೆಳಗೆ ಬನ್ನಿ ಅಮ್ಮ” ಎಂದು ಹಲ್ಲು ಕಚ್ಚಿ ಹೇಳುತ್ತಿದ್ದರು. ರಂಗಮ್ಮ ಪರದೆಯ ಕಡೆ ನೋಡಿದಳು. ಗಾಗ್ರಾ ತೊಟ್ಟ ಕವನಾ ಅಲ್ಲೇ ಹಗ್ಗ ಹಿಡಿದು ನಿಂತಿದ್ದಳು. ಅವಳು ಒಳಕ್ಕೆ ಸರಿದುಬಿಟ್ಟರೆ ಈ ಅಂಗಿ ಸಿಕ್ಕಿಯೂ ಏನು ಬಂತು ಎಂದು ರಂಗಮ್ಮನಿಗೆ ಅನ್ನಿಸಿತು.

ಕವನಾ ಹಗ್ಗ ಬಿಟ್ಟಳು. ಬೆಳಕಿಗೆ ಬಂದು, ರಕ್ಷಾಳ ಕೊರಳಿನ ಆ ಗುಂಡಿಯನ್ನು ತಾನೇ ಬಿಚ್ಚಿದಳು. ಅಂಗಿ ಇಸಿದುಕೊಂಡು, ಸೀಳಿದ ತೋಳನ್ನು ಒಳಕ್ಕೆ ಮಡಿಸಿ, ಇನ್ನೂರು ಜನರ ಮುಂದೆ ಅದನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿದಳು. ರಾಜಸ್ಥಾನದ ಬಳೆಗಳು ಝಣಝಣ ಎಂದವು.

“ನಡಿಯಮ್ಮ, ಹನ್ನೆರಡೂವರೆ ಬಸ್ಸಿದೆ” ಎಂದಳು.

ಭಾನುವಾರ ರಂಗಮ್ಮ ಬಟ್ಟೆಯ ಚೂರುಗಳ ಗಂಟು ಬಿಚ್ಚಿ ಹುಡುಕಿದಳು. ಖಾಕಿಗೆ ಹೊಂದುವ ಚೂರು ಸಿಗಲಿಲ್ಲ. ಕವನಾ ಎದ್ದು ಹೋಗಿ ಮೊಳೆಗೆ ನೇತುಹಾಕಿದ್ದ ಶಾಲನ್ನು ತಂದಳು. ಕತ್ತರಿ ಹಾಕುವ ಮುಂಚೆ ಅಮ್ಮನ ಮುಖ ನೋಡಿದಳು. ರಂಗಮ್ಮ ಶಾಲಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಟ್ಟಳು. ತೆಳು ಬಟ್ಟೆಯನ್ನು ಮೂರು ಪದರ ಮಾಡಿ, ಜರಿಯಂಚನ್ನು ಮೇಲಿಟ್ಟು, ಭುಜದಿಂದ ಮೊಣಕೈಯವರೆಗೆ ಕವನಾ ಒತ್ತಾಗಿ ಹೊಲಿದಳು. ಮೇಡಂ ಮಾರ್ಕ್ಸು ಕೊಡದಿದ್ದರೆ ಏನು ಮಾಡ್ತೀಯ ಎಂದು ಅಮ್ಮ ಕೇಳಿದ್ದಕ್ಕೆ ದಾರ ಕಚ್ಚಿ ತುಂಡು ಮಾಡುತ್ತ, “ಪರೀಕ್ಷೆ ಚೆನ್ನಾಗಿ ಬರೀತೀನಿ” ಎಂದಳು.

ಸೋಮವಾರ ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ ಎಂದು ರಂಗಮ್ಮ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದಳು. ಹಾಗೇನಾದರೂ ಆದರೆ ಬೇರೆ ತೋಟವಿಲ್ಲವೇ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದಳು. ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಒಂಬತ್ತು ಗಂಟೆಗೆ ಸಾಹುಕಾರರ ಜೀಪು ಬಂತು, ಅವಳ ಸಾಲಿನ ಹತ್ತಿರ ನಿಧಾನವಾಯಿತು. ರಾಜೀವ್ ಅವರು ಅವಳ ತೋಳನ್ನು ನೋಡಿದರು. ಗೇರು ಬದಲಿಸಿ ಮುಂದೆ ಹೋದರು.

ಮೇಸ್ತ್ರಿ ಕಲ್ಲೇಶ್ ಅದಕ್ಕೇ ಕಾದಿದ್ದವನ ಹಾಗೆ ಹತ್ತಿರ ಬಂದ.

“ಏನ್ ರಂಗಕ್ಕ, ಕಾಲೇಜಲ್ಲಿ ಸನ್ಮಾನ ಮಾಡಿದ್ರಂತೆ?”

“ಹೂಂ ಮಾರಾಯ. ಮೊಣಕೈಗೆ.”

ಸಾಲಿನ ಹೆಂಗಸರೆಲ್ಲ ನಕ್ಕರು. ಕಲ್ಲೇಶನೂ ನಕ್ಕು ಮುಂದಿನ ಸಾಲಿಗೆ ಹೋದ. ರಂಗಮ್ಮ ಹಣ್ಣು ಜೋತಿದ್ದ ಒಂದು ಕೊಂಬೆಯನ್ನು ಎಡಗೈಯಲ್ಲಿ ಬಗ್ಗಿಸಿ ಹಿಡಿದಳು. ಮೇಲಿನ ಎಲೆಗೂಡಿನಿಂದ ಚಗಳಿಗಳು ಸುರಿದವು. ಒಂದು ಅವಳ ತೋಳಿನ ಮೇಲೆ ಹರಿದು ಜರಿಯಂಚಿಗೆ ಬಂತು, ಹೊಲಿಗೆಯ ಉದ್ದಕ್ಕೂ ಮೂತಿ ಆಡಿಸುತ್ತ ಹುಡುಕಿತು, ಕೊನೆಯ ಗಂಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಿರುಗಿ, ಬೆರಳ ಮೇಲಿಂದ ಎಲೆಗೆ ಇಳಿಯಿತು.